ಪಾಪ್‌ಕಾರ್ನ್ ಟ್ಯಾಕೆಟ್‌ನ ನಾಲಿಗೆ

ವರ್ಜಿಲ್ ಟ್ಯಾಕೆಟ್‌ಗೆ ಆರು ವರ್ಷವಾಗುವ ತನಕ ಅವನ ಉಗ್ಗು ಮನೆಯೊಳಗಿನ ಸಂಗತಿಯಾಗಿತ್ತು. ಅಪ್ಪ ಹೋಬರ್ಟನೂ ಉಗ್ಗುತ್ತಿದ್ದ. ಇಬ್ಬರೂ ಮೇಜಿಗೆ ಕೂತು ಉಪ್ಪು ಕೇಳಿ ಮುಗಿಸುವಷ್ಟರಲ್ಲಿ ಬಡಿಸಿದ ಬೀನ್ಸ್ ತಣ್ಣಗಾಗಿರುತ್ತದೆ ಎಂದು ಅಮ್ಮ ಒವೆಲ್ಲಾ ಪಕ್ಕದ ಮನೆಯವರಿಗೆ ಹೇಳಿ ನಗುತ್ತಿದ್ದಳು. ಆ ನಗುವಿನಲ್ಲಿ ಆಗಿನ್ನೂ ವಿಷವಿರಲಿಲ್ಲ.

ಅರ್ಕನ್ಸಾದಿಂದ ಬಂದು ಬರ್ಬ್ಯಾಂಕಿನಲ್ಲಿ ನೆಲೆ ನಿಂತ ಕುಟುಂಬ ಅದು. ಹೋಬರ್ಟ್ ಸಿನಿಮಾ ಸ್ಟುಡಿಯೋದಲ್ಲಿ ಬಡಗಿ. ಈ ವಾರ ಅರಮನೆ ಕಟ್ಟುವುದು, ಮುಂದಿನ ವಾರ ಅದನ್ನೇ ಒಡೆದು ಜೈಲು ಮಾಡುವುದು. ಕೆಲಸ ಅವನಿಗೆ ಒಗ್ಗಿತ್ತು. ಮೊಳೆ ಹೊಡೆಯುವುದಕ್ಕೆ ಮಾತು ಬೇಕಿರಲಿಲ್ಲ.

೧೯೩೭ರ ವಸಂತದಲ್ಲಿ ಒಂದು ದಿನ ಹೋಬರ್ಟ್ ಊಟದ ಡಬ್ಬಿಯನ್ನು ಮನೆಯಲ್ಲೇ ಮರೆತು ಹೋದ. ಒವೆಲ್ಲಾ ಮಗನನ್ನೂ ಕರೆದುಕೊಂಡು ಡಬ್ಬಿ ಕೊಡಲು ಸ್ಟುಡಿಯೋದ ಗೇಟಿಗೆ ಬಂದಳು. ಕಾವಲುಗಾರ ಹುಡುಗನನ್ನು ತಮಾಷೆಗೆ ತಡೆದ.

"ಯಾರಪ್ಪಾ ದೊರೆ ನೀನು? ಯಾರನ್ನ ನೋಡ್ಬೇಕಿತ್ತು?"

"ಹೋ-ಹೋ-ಹೋಬರ್ಟ್ ಟ್ಯಾ-ಟ್ಯಾ-ಟ್ಯಾ..."

ಗೇಟು ತೆರೆಯಲೆಂದು ಹಿಂದೆ ಒಂದು ಕಾರು ಕಾಯುತ್ತಿತ್ತು. ಅದರಲ್ಲಿದ್ದವನು ರೂಫಸ್ ಕ್ಯಾಸ್ವೆಲ್. ಮಕ್ಕಳನ್ನು ಹಾಕಿಕೊಂಡು ಇಪ್ಪತ್ತು ಇಪ್ಪತ್ತು ನಿಮಿಷದ ನಗೆಚಿತ್ರ ಮಾಡುವ ನಿರ್ದೇಶಕ. ಅವನು ಕಾರಿನಿಂದ ಇಳಿದೇ ಬಂದ. ನಕ್ಕು ನಕ್ಕು ಅವನ ಕಣ್ಣಲ್ಲಿ ನೀರು ತುಂಬಿತ್ತು.

"ಇನ್ನೊಂದ್ಸಲ ಹೇಳು ಮರಿ."

ಹುಡುಗ ಹೆದರಿದ್ದ. ಎರಡನೆಯ ಸಲ ಮಾತು ಇನ್ನೂ ಬಿಗಿಯಾಗಿ ಸಿಕ್ಕಿಕೊಂಡಿತು. ಕ್ಯಾಸ್ವೆಲ್ ಒವೆಲ್ಲಾಳ ಕಡೆ ತಿರುಗಿದ.

"ಇದು ನೀವು ಕಲಿಸಿದ್ದಾ, ಹುಟ್ಟಿದಾಗಿಂದ ಇರೋದಾ?"

"ಹುಟ್ಟಿದಾಗಿಂದ ಸಾರ್. ಅವರಪ್ಪನಿಂದ ಬಂದಿರೋದು."

"ಅವರಪ್ಪನ್ನ ಬಿಡಿ. ಸೋಮವಾರ ಇವನನ್ನ ಕರ್ಕೊಂಡು ಬನ್ನಿ."

ಒವೆಲ್ಲಾ ಓಡುನಡಿಗೆಯಲ್ಲಿ ಮನೆಗೆ ಬಂದಳು. ಡಬ್ಬಿ ಅವಳ ಕೈಯಲ್ಲೇ ಉಳಿದಿತ್ತು. ಆ ದಿನ ಹೋಬರ್ಟ್ ಸಂಜೆಯವರೆಗೂ ಉಪವಾಸ.

ಚಿತ್ರಗಳಲ್ಲಿ ಅವನಿಗೆ ಪಾಪ್‌ಕಾರ್ನ್ ಎಂದು ಹೆಸರಿಟ್ಟರು. ಬಾಣಲೆಯಲ್ಲಿ ಜೋಳ ಸಿಡಿದಂತೆ ಮಾತು ಸಿಡಿಯುತ್ತದಲ್ಲ, ಅದಕ್ಕೆ. ಎಲ್ಲ ಚಿತ್ರದಲ್ಲೂ ಒಂದೇ ಹೂರಣ. ಉಳಿದ ಹುಡುಗರು ಕಿಟಕಿ ಗಾಜು ಒಡೆಯುತ್ತಾರೆ, ಕೋಳಿ ಕದಿಯುತ್ತಾರೆ, ಮೇಷ್ಟರ ಕುರ್ಚಿಗೆ ಅಂಟು ಬಳಿಯುತ್ತಾರೆ. ಸಿಕ್ಕಿಬೀಳುವವನು ಪಾಪ್‌ಕಾರ್ನ್. ಮೇಷ್ಟರೋ ಪೊಲೀಸಿನವನೋ ಕಿವಿ ಹಿಡಿದಾಗ ಅವನು "ನಾ-ನಾ-ನಾ-ನಾನಲ್ಲ ಸಾರ್!" ಎನ್ನಬೇಕು. ಆ ಮಾತು ಮುಗಿಯುವಷ್ಟರಲ್ಲಿ ಏಟು ಬಿದ್ದಿರುತ್ತದೆ. ಜನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

ಅವಸರ ಮಾಡಿದರೆ ಹುಡುಗನ ಮಾತು ಹೆಚ್ಚು ತಡೆಯುತ್ತದೆ ಎಂದು ಕ್ಯಾಸ್ವೆಲ್ ಎರಡೇ ದಿನದಲ್ಲಿ ಕಂಡುಕೊಂಡ. ಕ್ಯಾಮೆರಾ ಓಡುವ ಮೊದಲು ಕೈಗಡಿಯಾರ ಎತ್ತಿ ಹಿಡಿದು, "ಬೇಗ ಹೇಳ್ಬೇಕು ಮರಿ, ಬೇಗ, ಎಲ್ರೂ ಕಾಯ್ತಿದಾರೆ" ಎನ್ನುತ್ತಿದ್ದ. ಅಷ್ಟಕ್ಕೂ ಆಗದಿದ್ದರೆ ಯಾರಾದರೊಬ್ಬರು ಬೆಚ್ಚಿಬೀಳಿಸಲೆಂದು ಹಿಂದಿನಿಂದ ಮರದ ಹಲಗೆ ಬಡಿಯುತ್ತಿದ್ದರು. ಗಂಟಲು ಕಟ್ಟಿ, ದವಡೆ ನಡುಗಿ, ಕಣ್ಣು ಮುಚ್ಚಿಹೋದ ಆ ಗಳಿಗೆಯಲ್ಲೇ ನಲವತ್ತು ಜನ ಖುಷಿಪಡುತ್ತಾರೆ ಎನ್ನುವುದನ್ನು ವರ್ಜಿಲ್ ಓದು ಬರಹ ಕಲಿಯುವ ಮೊದಲೇ ಕಲಿತ. ಕ್ಯಾಸ್ವೆಲ್ ಕೆಟ್ಟವನೇನೂ ಅಲ್ಲ. ಹುಟ್ಟುಹಬ್ಬಕ್ಕೆ ಸೈಕಲ್ ತಂದುಕೊಟ್ಟ. ಚಿತ್ರೀಕರಣ ಚೆನ್ನಾಗಿ ನಡೆದ ದಿನ ಹೆಗಲ ಮೇಲೆ ಕೂರಿಸಿಕೊಂಡು ಸ್ಟುಡಿಯೋದ ಸುತ್ತ ಓಡುತ್ತಿದ್ದ.

ಏಳು ವರ್ಷದಲ್ಲಿ ಐವತ್ತಕ್ಕೂ ಮಿಕ್ಕಿ ಚಿತ್ರಗಳಾದವು. ದೇಶದ ಮೂಲೆಮೂಲೆಯಲ್ಲಿ ಮಕ್ಕಳು ಶಾಲೆಯಲ್ಲಿ ಅವನ ಹಾಗೆ ಉಗ್ಗಿ ತೋರಿಸುತ್ತಿದ್ದರಂತೆ. ನಿಜವಾಗಿ ಉಗ್ಗುವ ಮಕ್ಕಳ ಪಾಡು ಏನಾಗಿತ್ತೋ, ಅದನ್ನು ಯಾರೂ ಬರೆದಿಡಲಿಲ್ಲ. ಒವೆಲ್ಲಾ ತುಪ್ಪಳದ ಕೋಟು ಹೊಲಿಸಿಕೊಂಡಳು, ಬರ್ಬ್ಯಾಂಕಿನ ಬಾಡಿಗೆ ಮನೆ ಬಿಟ್ಟು ಗುಡ್ಡದ ಬುಡದಲ್ಲಿ ಈಜುಕೊಳವಿದ್ದ ಮನೆ ಹಿಡಿದಳು. ಮಗುವಿನ ದುಡಿಮೆ ಹಾಗೆ ಕರಗುವುದು ಆ ಊರಿನಲ್ಲಿ ಮನೆಮನೆಯ ಕಥೆ. ಹೋಬರ್ಟ್ ಮಾತ್ರ ಮೊದಲಿನಂತೆ ದಿನವೂ ಸುತ್ತಿಗೆ ಹಿಡಿದು ಕೆಲಸಕ್ಕೆ ಹೋಗುತ್ತಿದ್ದ. ಮಗ ಏಟು ತಿನ್ನುವ ಶಾಲೆಯ ಗೋಡೆಗಳನ್ನು ಕಟ್ಟಿದವರಲ್ಲಿ ಅವನೂ ಒಬ್ಬ.

ಸ್ಟುಡಿಯೋದಲ್ಲಿ ಮಕ್ಕಳಿಗೆ ದಿನಕ್ಕೆ ಮೂರು ಗಂಟೆ ಪಾಠವಾಗಬೇಕೆಂದು ಕಾನೂನಿತ್ತು. ಪಾಠ ಹೇಳಲು ಬರುತ್ತಿದ್ದವರು ಮಿಸ್ ಐಯೋನ್ ಬ್ರಾಕ್, ತೆಳ್ಳಗೆ ಎತ್ತರದ ಹೆಂಗಸು. ಪದ್ಯ ಓದುವಾಗ ವರ್ಜಿಲ್ ಉಗ್ಗುವುದಿಲ್ಲ ಎನ್ನುವುದನ್ನು ಮೊದಲು ಗಮನಿಸಿದವರು ಅವರೇ. ಒಂದು ದಿನ ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಮೇಜಿನ ಮೇಲೆ ಬೆರಳಿನಿಂದ ತಾಳ ಹಾಕಿಸಿದರು.

"ಮಾತನ್ನ ತಳ್ಬೇಡ ವರ್ಜಿಲ್. ಮಳೆಗೆ ಊದಿಕೊಂಡ ಬಾಗ್ಲು ಅದು, ತಳ್ಳಿದಷ್ಟೂ ಸಿಕ್ಕಿಹಾಕ್ಕೊಳುತ್ತೆ. ಮೊದ್ಲು ಉಸಿರು ಬಿಡು. ಆ ಉಸಿರಿನ ಮೇಲೆ ಮೆಲ್ಲಗೆ ಮಾತಿಡು."

ನಾಲ್ಕು ತಿಂಗಳು ಹೀಗೆ ನಡೆಯಿತು. ಎಂಟು ವರ್ಷದ ಹುಡುಗ ತನ್ನ ಪೂರ್ತಿ ಹೆಸರನ್ನು ಒಂದೇ ಉಸಿರಿಗೆ ಹೇಳಲು ಕಲಿತ. ಅದನ್ನು ಎಷ್ಟು ಸಲ ಹೇಳಿಕೊಂಡರೂ ಅವನಿಗೆ ಸಾಕಾಗುತ್ತಿರಲಿಲ್ಲ. ಸ್ನಾನದ ಮನೆಯಲ್ಲಿ ಹೇಳಿಕೊಳ್ಳುತ್ತಿದ್ದ, ಹಾಸಿಗೆಯಲ್ಲಿ ಹೇಳಿಕೊಳ್ಳುತ್ತಿದ್ದ.

ಒಂದು ಗುರುವಾರ ಕ್ಯಾಮೆರಾ ಓಡುತ್ತಿತ್ತು. ಪೊಲೀಸಿನ ವೇಷದವನು ಕಿವಿ ಹಿಡಿದ. ವರ್ಜಿಲ್ ಉಸಿರು ಬಿಟ್ಟು, ನೀರು ಕುಡಿದಷ್ಟು ಸಲೀಸಾಗಿ "ನಾನಲ್ಲ ಸಾರ್" ಎಂದ. ಹೇಳಿ ಮುಗಿಸಿ ಮಿಸ್ ಬ್ರಾಕ್ ಇದ್ದ ಕಡೆ ನೋಡಿ ನಕ್ಕ.

ಯಾರೂ ನಗಲಿಲ್ಲ. ಕ್ಯಾಸ್ವೆಲ್ ಕುರ್ಚಿಯಿಂದ ಎದ್ದ. "ಇವನಿಗೇನಾಯ್ತು?"

ಆರು ಸಲ ಮತ್ತೆ ತೆಗೆದರು. ಆರು ಸಲವೂ ಮಾತು ಸಲೀಸಾಗಿಯೇ ಬಂತು. ಮಧ್ಯಾಹ್ನ ಒವೆಲ್ಲಾ ಪಾಠದ ಕೋಣೆಗೆ ನುಗ್ಗಿದಳು. ವರ್ಜಿಲ್ ಅಲ್ಲೇ ಕೂತಿದ್ದ.

"ಯಾರು ಕೇಳಿದ್ರು ನಿಮ್ಮನ್ನ?"

"ಮಗು ಮಾತಾಡೋಕೆ ಕಲೀತಿದೆ, ಮಿಸೆಸ್ ಟ್ಯಾಕೆಟ್. ಸಂತೋಷ ಪಡೋ ವಿಷಯ ಅಲ್ವಾ?"

"ಲೆಕ್ಕ ಕಲ್ಸಿ, ಭೂಗೋಳ ಕಲ್ಸಿ. ನಾಲಿಗೆ ತಂಟೆಗೆ ಹೋಗ್ಬೇಡಿ. ದೇವರು ಕೊಟ್ಟಿದ್ದನ್ನ ಕಿತ್ಕೊಳೋಕೆ ನೀವ್ಯಾರು?"

"ದೇವರು ಕೊಟ್ಟಿದ್ದಾ! ಹೆಸರು ಹೇಳೋಕೆ ಹೋದ್ರೆ ಮಗು ಮುಖ ನೀಲಿ ಆಗುತ್ತೆ. ನೀವು ತಾಯಿ, ನಿಮ್ಗೆ ಕಾಣಲ್ವಾ?"

"ಕಾಣುತ್ತೆ. ದೇಶಕ್ಕೆಲ್ಲಾ ಕಾಣ್ಲಿ ಅಂತಾನೇ ಕರ್ಕೊಂಡು ಬಂದಿರೋದು."

ಮುಂದಿನ ಸೋಮವಾರ ಮಿಸ್ ಬ್ರಾಕ್ ಇರಲಿಲ್ಲ. ಅವರ ಜಾಗದಲ್ಲಿ ಮೂರು ಗಂಟೆಯೂ ಪತ್ರಿಕೆ ಓದುವ ಒಬ್ಬರು ದಢೂತಿ ಮೇಷ್ಟರು ಬಂದರು. ಆ ಮೇಲೆ ದಿನಾ ಬೆಳಿಗ್ಗೆ ಕಾರಿನಲ್ಲಿ ಒವೆಲ್ಲಾ ಮಗನಿಂದ ಮಾತಾಡಿಸುತ್ತಿದ್ದಳು. ಅಂಗಡಿ ಬೋರ್ಡು ತೋರಿಸಿ "ಏನು ಬರ್ದಿದೆ ಅಲ್ಲಿ? ಬೇಗ, ಬೇಗ" ಎನ್ನುವಳು. ಸರಾಗವಾಗಿ ಓದಿದರೆ ಅವಳು ಮಾತು ನಿಲ್ಲಿಸಿಬಿಡುವಳು. ಸ್ಟುಡಿಯೋ ಮುಟ್ಟುವ ತನಕ ಮುಖ ಆ ಕಡೆ. ನಾಲಿಗೆ ತಡವರಿಸಿದರೆ ತೊಡೆ ತಟ್ಟಿ, "ಅದು ನನ್ನ ಮಗ!" ಎಂದು ಕೆನ್ನೆಗೆ ಮುತ್ತಿಡುವಳು. ಆರು ತಿಂಗಳಲ್ಲಿ ಮಿಸ್ ಬ್ರಾಕ್ ಕಲಿಸಿದ್ದೆಲ್ಲ ಅಳಿಸಿಹೋಯಿತು. ಆ ಮುತ್ತಿಗಾಗಿ ಅವನು ಇನ್ನೇನನ್ನಾದರೂ ಬಿಟ್ಟುಕೊಡುತ್ತಿದ್ದ.

ಹೋಬರ್ಟ್ ಮಗನ ಚಿತ್ರಗಳನ್ನು ನೋಡಿರಲಿಲ್ಲ. ೧೯೪೧ರಲ್ಲಿ ಒಂದು ಶನಿವಾರ ಜೊತೆಯ ಬಡಗಿಗಳು ಬಲವಂತ ಮಾಡಿ ಮಧ್ಯಾಹ್ನದ ಆಟಕ್ಕೆ ಎಳೆದುಕೊಂಡು ಹೋದರು. ಮಾರನೆಯ ದಿನ ಭಾನುವಾರ. ಚರ್ಚಿನಿಂದ ಬಂದು ಮೂವರೂ ಊಟಕ್ಕೆ ಕೂತಿದ್ದರು. ಕರಿದ ಕೋಳಿಯ ತಟ್ಟೆ ನಡುವೆ ಇತ್ತು. ಮಾತೇ ಆಡದ ಹೋಬರ್ಟ್ ಅಂದು ತಾನಾಗಿಯೇ ಬಾಯಿ ತೆರೆದ.

"ನಿ-ನಿನ್ನೆ ಸಿನಿಮಾ ನೋ-ನೋಡ್ದೆ. ಪ-ಪಕ್ಕದಲ್ಲೊಂದು ಮ-ಮಗು ಇತ್ತು. ಜಾ-ಜಾಗ ಬಿಡಪ್ಪಾ ಅಂದೆ. ಅದು ನ-ನನ್ನ ಮುಖ ನೋಡಿ ನ-ನಗೋಕೆ ಶುರು ಮಾಡ್ತು, ಒವೆಲ್ಲಾ. ನಾ-ನಾನು ಪಾಪ್‌ಕಾರ್ನ್ ಆ-ಆಟ ಆಡ್ತಿದೀನಿ ಅಂ-ಅಂದ್ಕೊಳ್ತು."

"ಅದಕ್ಕೇನೀಗ?"

"ಸಾ-ಸಾಕು. ಅ-ಅವನನ್ನ ಬಿ-ಬಿ-ಬಿ-ಬಿ..."

ಬಿಟ್ಟುಬಿಡು ಎನ್ನಬೇಕಿತ್ತು. ಆ ಮಾತು ಬರಲೇ ಇಲ್ಲ. ಮುಖ ಕೆಂಪಾಯಿತು, ಕಣ್ಣು ಮುಚ್ಚಿತು, ಗಲ್ಲ ನಡುಗಿತು. ಒವೆಲ್ಲಾ ತುಟಿ ಕಚ್ಚಿ ತಡೆದುಕೊಂಡಳು. ಆಮೇಲೆ ಆಗಲಿಲ್ಲ, ಫಕ್ಕನೆ ನಕ್ಕುಬಿಟ್ಟಳು. ಬೇಕೆಂದು ನಕ್ಕದ್ದಲ್ಲ. ಚಿತ್ರದಲ್ಲಿ ಇದ್ದಂತೆಯೇ ಇತ್ತು, ಅಷ್ಟೇ. ಅಮ್ಮ ನಕ್ಕಿದ್ದು ನೋಡಿ ವರ್ಜಿಲ್ ಕೂಡ ನಕ್ಕ. ಮಾತು ಹಾಗೆ ನಿಂತಲ್ಲಿ ನಗಬೇಕೆಂದು ತಾನೆ ನಾಲ್ಕು ವರ್ಷದಿಂದ ಅವನಿಗೆ ಎಲ್ಲರೂ ಕಲಿಸಿದ್ದು?

ಹೋಬರ್ಟ್ ಕಣ್ಣು ತೆರೆದ. ಹೆಂಡತಿಯನ್ನು ನೋಡಲಿಲ್ಲ, ಮಗನನ್ನು ನೋಡಿದ. ಫೋರ್ಕನ್ನು ತಟ್ಟೆಯ ಪಕ್ಕದಲ್ಲಿ ನೇರವಾಗಿ ಇಟ್ಟ. ಹಿತ್ತಲಿಗೆ ಹೋಗಿ ಉಪಕರಣದ ಪೆಟ್ಟಿಗೆ ಎತ್ತಿಕೊಂಡು ಬಸ್ಸು ಹತ್ತಿದ. ಸ್ಯಾನ್ ಪೆಡ್ರೋದಲ್ಲಿ ಹಡಗು ಕಟ್ಟುವ ಕಡೆ ಕೆಲಸಕ್ಕೆ ಸೇರಿದನಂತೆ. ಆ ಮನೆಗೆ ಅವನು ಮತ್ತೆ ಕಾಲಿಡಲಿಲ್ಲ.

೧೯೪೪ರಲ್ಲಿ ವರ್ಜಿಲ್‌ನ ದನಿ ಒಡೆಯಿತು. ಹದಿಮೂರು ತುಂಬಿತ್ತು, ಒಂದೇ ವರ್ಷದಲ್ಲಿ ಗೇಣುದ್ದ ಬೆಳೆದಿದ್ದ. ಕ್ಯಾಸ್ವೆಲ್ ಒವೆಲ್ಲಾಳನ್ನು ಕೋಣೆಗೆ ಕರೆದು ಮರ್ಯಾದೆಯಿಂದಲೇ ಹೇಳಿದ.

"ಮಗು ಉಗ್ಗಿದ್ರೆ ಮುದ್ದು, ಮಿಸೆಸ್ ಟ್ಯಾಕೆಟ್. ಮೀಸೆ ಬರೋ ಹುಡುಗ ಉಗ್ಗಿದ್ರೆ ನೋಡೋರಿಗೆ ಸಂಕಟ ಆಗುತ್ತೆ. ಸಂಕಟಕ್ಕೆ ಯಾರು ಟಿಕೆಟ್ ತಗೋತಾರೆ?"

ಬಾಗಿಲ ಹೊರಗೆ ಬೆಂಚಿನ ಮೇಲೆ ಕೂತಿದ್ದ ವರ್ಜಿಲ್‌ಗೆ ಅಷ್ಟೂ ಕೇಳಿಸಿತು. ಒವೆಲ್ಲಾ ಎರಡು ವರ್ಷ ಬೇರೆ ಬೇರೆ ಸ್ಟುಡಿಯೋದ ಮೆಟ್ಟಿಲು ಸವೆಸಿದಳು. ಕೊನೆಗೆ ಈಜುಕೊಳದ ಮನೆ ಹೋಯಿತು. ಅವಳು ಒಂದು ದೊಡ್ಡ ಬಟ್ಟೆ ಅಂಗಡಿಯಲ್ಲಿ ಕೈಗವಸು ಮಾರುವ ಕೆಲಸಕ್ಕೆ ನಿಂತಳು. "ಗಂಟ್ಲು ಕೆಡಿಸ್ಕೊಂಬಿಟ್ಟ" ಎಂದು ಗಿರಾಕಿಗಳಿಗೆ ಹೇಳುತ್ತಿದ್ದಳು, ಹುಡುಗ ತಣ್ಣೀರು ಕುಡಿದು ಮಾಡಿಕೊಂಡ ತಪ್ಪು ಅದು ಎನ್ನುವ ಹಾಗೆ.

ಶಾಲೆಯಲ್ಲಿ ಹಾಜರಿ ಕೂಗುವಾಗ ಅವನು ಬಾಯಿ ತೆರೆಯುವ ಮೊದಲೇ ಮೂವತ್ತು ಹುಡುಗರು ಅವನ ಹಾಗೆ ಉಗ್ಗಿ ಹಾಜರಿ ಹೇಳುತ್ತಿದ್ದರು. ಹದಿನಾರಕ್ಕೆ ಶಾಲೆ ಬಿಟ್ಟ. ಇಪ್ಪತ್ತಕ್ಕೆ ಸೈನ್ಯದವರು ಕರೆದರು. ಕೊರಿಯಾದ ಚಳಿಯಲ್ಲಿ ಒಬ್ಬ ಸಾರ್ಜೆಂಟ್ ಅವನ ಗುರುತು ಹಿಡಿದ. ಊಟದ ಸಾಲಿನಲ್ಲಿ "ನಾನಲ್ಲ ಸಾರ್" ಉಗ್ಗಿ ಹೇಳಿದರೆ ಮಾತ್ರ ತಟ್ಟೆಗೆ ಊಟ ಬೀಳುತ್ತಿತ್ತು. ಹಸಿದವನಿಗೆ ಉಗ್ಗು ಕಷ್ಟವಾಗಲಿಲ್ಲ, ಅದು ಕೇಳದೆಯೇ ಬರುತ್ತಿತ್ತು.

ಯುದ್ಧದಿಂದ ಬಂದವನು ಮೊದಲು ಹೋದದ್ದು ಸ್ಯಾನ್ ಪೆಡ್ರೋಗೆ. ಒಂಟಿ ಗಂಡಸರು ಇರುವ ಒಂದು ವಠಾರದಲ್ಲಿ ಹೋಬರ್ಟ್‌ನ ಕೋಣೆ. ಅಪ್ಪ ಮಗ ಬಂದರಿನ ಕಡೆಗಿನ ಮೆಟ್ಟಿಲ ಮೇಲೆ ಕೂತು ಕಾಗದದಲ್ಲಿ ಕಟ್ಟಿಸಿ ತಂದ ಕರಿದ ಮೀನು ತಿಂದರು. ಹನ್ನೆರಡು ವರ್ಷ ಹೊಟ್ಟೆಯಲ್ಲಿಟ್ಟುಕೊಂಡದ್ದನ್ನು ವರ್ಜಿಲ್ ಹೇಳಲು ಹೊರಟ.

"ಅ-ಅವತ್ತು... ಅ-ಅವತ್ತು ನಾ-ನಾ-ನಾ..."

ಬೇರೆ ಯಾರಾದರೂ ಆಗಿದ್ದರೆ ಆ ಮಾತನ್ನು ಅವನ ಬಾಯಿಂದ ಕಿತ್ತು ತಾವೇ ಮುಗಿಸುತ್ತಿದ್ದರು. ಹೋಬರ್ಟ್ ಕಾದ. ಮೀನಿನ ಮುಳ್ಳನ್ನು ಬೆರಳ ನಡುವೆ ಹಿಡಿದು, ಮಗನ ಮುಖವನ್ನೇ ನೋಡುತ್ತಾ, ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಕಾದ.

"...ನಾನು ನಕ್ಕೆ," ಎಂದ ವರ್ಜಿಲ್.

"ನೀ-ನೀನು ಚಿ-ಚಿಕ್ಕವನಿದ್ದೆ."

ಅಷ್ಟೇ ಮಾತು. ಕ್ಷಮಿಸಿದೆ ಎಂದನೋ, ಮರೆತಿಲ್ಲ ಎಂದನೋ, ವರ್ಜಿಲ್‌ಗೆ ಕೊನೆಯವರೆಗೂ ತಿಳಿಯಲಿಲ್ಲ. ಹೋಬರ್ಟ್ ಮಾತ್ರ ಮಾರನೆಯ ದಿನವೇ ಅವನನ್ನು ಬಡಗಿಗಳ ಸಂಘಕ್ಕೆ ಕರೆದೊಯ್ದು ಹೆಸರು ಬರೆಸಿದ. ಐದು ವರ್ಷದ ನಂತರ ಅದೇ ಕೋಣೆಯಲ್ಲಿ ನಿದ್ದೆಯಲ್ಲೇ ಹೋದ.

ವರ್ಜಿಲ್ ತಾನು ನಟಿಸಿದ್ದ ಸ್ಟುಡಿಯೋಗೇ ಬಡಗಿಯಾಗಿ ಮರಳಿದ. ಅವನ ತಂಡದಲ್ಲಿ ಮೆಕ್ಸಿಕೋ ಮೂಲದವರು ಬಹಳ. ಅವರಿಂದ ಸ್ಪ್ಯಾನಿಷ್ ಕಲಿತ. ವಿಚಿತ್ರವೆಂದರೆ ಆ ಭಾಷೆಯಲ್ಲಿ ಅವನ ನಾಲಿಗೆ ಅಷ್ಟಾಗಿ ತಡೆಯುತ್ತಿರಲಿಲ್ಲ. ಆ ಭಾಷೆಯಲ್ಲಿ ಅವನನ್ನು ನೋಡಿ ಯಾರೂ ನಕ್ಕಿರಲಿಲ್ಲ. ಪಕೋಯ್ಮಾದ ಬೇಕರಿಯೊಂದರಲ್ಲಿ ಕೊನ್ಸುಯೆಲೊ ಅರಾಂಬುಲಾ ಎಂಬ ಹುಡುಗಿ ಬ್ರೆಡ್ಡು ಕಟ್ಟಿಕೊಡುತ್ತಿದ್ದಳು. ಮನೆಯವರಿಗೆ ಅವಳು ಚೆಲೋ. ಅವನು ಒಂದು ವರ್ಷ ದಿನಾ ಬೆಳಿಗ್ಗೆ ಅಲ್ಲಿಗೆ ಹೋಗಿ, ಕೊನೆಗೆ ಸ್ಪ್ಯಾನಿಷಿನಲ್ಲೇ ಮದುವೆಯ ಮಾತೆತ್ತಿದ. ಅವನು ಇಂಗ್ಲಿಷ್ ಮಾತಾಡಿದ್ದನ್ನು ಅವಳು ಕೇಳಿದ್ದು ಆಮೇಲೆ.

"ಇಂಗ್ಲಿಷಲ್ಲಿ ಮಾತಾಡೋವಾಗ ಯಾರೋ ನಿನ್ನ ಕತ್ತು ಹಿಡ್ಕೊಂಡಿರೋ ಹಾಗಿರುತ್ತೆ," ಎಂದಳು ಚೆಲೋ. "ಯಾರದು?"



೧೯೫೭ರಲ್ಲಿ ಮಗಳು ಹುಟ್ಟಿದಳು. ಇನೆಸ್ ಎಂದು ಹೆಸರು ಗೊತ್ತು ಮಾಡಿದ್ದರು. ನಾಮಕರಣದ ದಿನ ಪಾದ್ರಿ ಇಂಗ್ಲಿಷಿನಲ್ಲಿ "ಮಗುವಿನ ಹೆಸರೇನು?" ಎಂದು ತಂದೆಯನ್ನು ಕೇಳಿದ. ವರ್ಜಿಲ್‌ಗೆ ಆ 'ಇ' ಹೊರಡಲೇ ಇಲ್ಲ. ಹಿಂದಿನ ಸಾಲಿನಲ್ಲಿ ಯಾರೋ "ಏಯ್, ಪಾಪ್‌ಕಾರ್ನ್ ಕಣ್ರೋ ಅವನು!" ಎಂದು ಪಿಸುಗುಟ್ಟಿದರು. ಕಿಸಕ್ಕನೆ ನಗು. ಹೆಸರನ್ನು ಚೆಲೋನೇ ಹೇಳಿದಳು. ಅವನ ಕಡೆ ನೋಡದೆ ಹೇಳಿದಳು.

ಆ ವಾರವೇ ಅವನು ಮಿಸ್ ಬ್ರಾಕ್ ಅವರನ್ನು ಹುಡುಕಲು ಶುರುಮಾಡಿದ. ಗ್ಲೆಂಡೇಲಿನ ಸಣ್ಣ ಮನೆಯೊಂದರಲ್ಲಿ ಸಿಕ್ಕಿದರು. ತಲೆ ಪೂರ್ತಿ ಬೆಳ್ಳಗಾಗಿತ್ತು. ಬಾಗಿಲು ತೆರೆದು, ಎದುರಿಗೆ ನಿಂತ ಆಳೆತ್ತರದ ಬಡಗಿಯನ್ನು ಒಂದು ಗಳಿಗೆ ದಿಟ್ಟಿಸಿದರು.

"ವರ್ಜಿಲ್! ನನ್ನ ಕೆಲಸ ಹೋಗುತ್ತೆ ಅಂತ ಹೆದ್ರಿ ಅವತ್ತು ನಿಮ್ಮಮ್ಮನ ಹತ್ರ ಅಷ್ಟಕ್ಕೇ ಸುಮ್ನಾಗ್ಬಿಟ್ಟೆ ಕಣಪ್ಪಾ. ಕೆಲಸ ಹೇಗೂ ಹೋಯ್ತು. ಒಳಗೆ ಬಾ."

ಮೂರು ವರ್ಷ, ಪ್ರತಿ ಶನಿವಾರ ಅವನು ಅಲ್ಲಿಗೆ ಹೋದ. ಅಂಗೈ ಗಾತ್ರದ ಮಗುವಿನಂತೆ ಮೊದಲಿನಿಂದ ಉಸಿರಾಡಲು ಕಲಿತ. "ಇದು ವಾಸಿ ಆಗ್ಬಿಡುತ್ತೆ ಅಂತ ತಿಳ್ಕೋಬೇಡ" ಎಂದು ಮಿಸ್ ಬ್ರಾಕ್ ಎಚ್ಚರಿಸುತ್ತಿದ್ದರು. "ಹೆದರ್ಸಿದ್ರೆ, ಅವಸರ ಮಾಡಿದ್ರೆ ತಿರುಗಿ ಬರುತ್ತೆ. ನಿಂಗೆ ಅವಸರ ಮಾಡೋರ ಹತ್ರ ಹೋಗ್ಬೇಡ." ಇನೆಸ್ ಶಾಲೆಗೆ ಸೇರುವ ದಿನ ಅವನು ಮೇಜಿನ ಮುಂದೆ ನಿಂತು ಮಗಳ ಹೆಸರನ್ನು ಸ್ಪಷ್ಟವಾಗಿ, ಅಗತ್ಯಕ್ಕಿಂತ ಎರಡು ಸಲ ಹೆಚ್ಚಾಗಿ ಹೇಳಿದ. ಗುಮಾಸ್ತೆ ತಲೆಯೆತ್ತಿ ನೋಡಿದಳು. ಕೆಲವು ವರ್ಷದ ಮೇಲೆ ಮಿಸ್ ಬ್ರಾಕ್ ತೀರಿಕೊಂಡರು. ಅವರ ಟಿಪ್ಪಣಿ ಪುಸ್ತಕಗಳು ಅವನಿಗೆ ಬಂದವು.

ಈ ನಡುವೆ ಟಿವಿಯಲ್ಲಿ ಆ ಹಳೆಯ ಚಿತ್ರಗಳೆಲ್ಲ ಮತ್ತೆ ಬರತೊಡಗಿದ್ದವು. ಹೊಸ ತಲೆಮಾರಿನ ಮಕ್ಕಳೂ ಪಾಪ್‌ಕಾರ್ನ್ ನೋಡಿ ನಕ್ಕರು. ೧೯೭೪ರಲ್ಲಿ ಒಂದು ಟಿವಿ ಕಾರ್ಯಕ್ರಮದಿಂದ ಫೋನು ಬಂತು. ಹಳೆಯ ಬಾಲನಟರನ್ನು ಕರೆದು ಮಾತಾಡಿಸುವ ಕಾರ್ಯಕ್ರಮ. ವರ್ಜಿಲ್ ಆಗುವುದಿಲ್ಲ ಎಂದ. ಮಾರನೆಯ ದಿನ ಒವೆಲ್ಲಾಳ ಫೋನು. ಕಾರ್ಯಕ್ರಮದವರು ಅವಳಿಗೂ ಫೋನು ಮಾಡಿದ್ದರು. ಅವಳು ಆಗ ವ್ಯಾನ್ ನೈಸಿನ ಒಂದು ವೃದ್ಧಾಶ್ರಮದಲ್ಲಿದ್ದಳು.

"ನಾನು ಇಲ್ಲಿ ಎಲ್ರಿಗೂ ಹೇಳಾಗಿದೆ ಕಣೋ. ಅಡುಗೆಯೋಳ್ಗೂ ಹೇಳಿದೀನಿ. ಸಾಯೋ ಮುಂಚೆ ಒಂದ್ಸಲ ಟಿವೀಲಿ ನೋಡ್ತೀನಿ ನಿನ್ನ."

"ಅಮ್ಮ, ನಾನೀಗ ಹಾಗೆ ಮಾತಾಡಲ್ಲ."

"ಗೊತ್ತು, ಗೊತ್ತು," ಎಂದಳು ಅವಳು. ದನಿ ಇಳಿದಿತ್ತು. "ಅದೊಂದು ಹಾಳು ಮಾಡ್ಕೊಂಡೆ. ಹೋಗ್ಲಿ, ಮುಖ ಆದ್ರೂ ತೋರ್ಸು."

ಅವನು ಒಪ್ಪಿದ. ಒಂದು ಶರತ್ತು ಹಾಕಿದ. ಉಗ್ಗಿ ತೋರಿಸು ಎಂದು ಯಾರೂ ಕೇಳಕೂಡದು. ಕಾರ್ಯಕ್ರಮದ ಹುಡುಗಿ ದೇವರಾಣೆ ಇಟ್ಟಳು. ನಿಜ ಹೇಳಬೇಕೆಂದರೆ ಅವನಿಗೂ ಒಂದು ಆಸೆ ಹುಟ್ಟಿತ್ತು. ತಾನು ಎಷ್ಟು ಚೆನ್ನಾಗಿ ಮಾತಾಡುತ್ತೇನೆ ಎಂದು ನಕ್ಕವರೆಲ್ಲ ಒಂದು ಸಲ ಕೇಳಲಿ ಎಂದು. ಅಪ್ಪನ ಬಗ್ಗೆ ಹೇಳಬೇಕೆಂದು ನಾಲ್ಕು ಮಾತು ಬರೆದು, ಗ್ಯಾರೇಜಿನಲ್ಲಿ ಎರಡು ವಾರ ಓದಿ ಓದಿ ಕಲಿತ.

ಸಭೆ ತುಂಬಿತ್ತು. ಚೆಲೋ, ಹದಿನೇಳು ವರ್ಷದ ಇನೆಸ್ ಮೂರನೆಯ ಸಾಲಿನಲ್ಲಿದ್ದರು. ಕಾರ್ಯಕ್ರಮ ನಡೆಸುವವನು ಲೈಲ್ ಗ್ರೇಂಜರ್, ಹಲ್ಲಿನ ಸಾಲು ಝಗಝಗಿಸುವ ಮನುಷ್ಯ. ವರ್ಜಿಲ್ ಉಸಿರು ಬಿಟ್ಟು ಶುರುಮಾಡಿದ. ತನ್ನ ಅಪ್ಪ ಬಡಗಿಯಾಗಿದ್ದದ್ದು, ಆ ಚಿತ್ರಗಳ ಗೋಡೆ ಬಾಗಿಲೆಲ್ಲ ಅವನು ಕಟ್ಟಿದ್ದು, ಅವನ ಹೆಸರು ಯಾವ ಚಿತ್ರದಲ್ಲೂ ಬರಲಿಲ್ಲ ಎನ್ನುವುದು. ಒಂದು ಅಕ್ಷರವೂ ತಡೆಯಲಿಲ್ಲ. ಸಭೆ ಸುಮ್ಮನೆ ಕೇಳಿತು. ಸುಮ್ಮನೆ ಎಂದರೆ ಬೇಸರದಿಂದ.

"ಅಬ್ಬಾ, ಎಷ್ಟು ಚೆನ್ನಾಗಿ ಮಾತಾಡ್ತೀರಿ!" ಎಂದ ಗ್ರೇಂಜರ್. "ಹಾಗಾದ್ರೆ ಅದೆಲ್ಲಾ ಬರೀ ನಟನೆನಾ? ನಮ್ಗೆಲ್ಲಾ ಟೋಪಿ ಹಾಕಿದ್ರಾ?"

"ನಟನೆ ಅಲ್ಲ. ಅದು ನನ್ನ ಮಾತೇ ಆಗಿತ್ತು. ಕಷ್ಟಪಟ್ಟು ಬಿಡಿಸಿಕೊಂಡೆ."

"ನಂಬ್ಬೇಕಾ ಇದನ್ನ?" ಗ್ರೇಂಜರ್ ಸಭೆಯ ಕಡೆ ತಿರುಗಿ ಕಣ್ಣು ಹೊಡೆದ. "ನೋಡೇ ಬಿಡೋಣ. ಒಂದೇ ಒಂದ್ಸಲ, ಜನಕ್ಕೋಸ್ಕರ! ಸಮಯ ಇಲ್ಲ ಪಾಪ್‌ಕಾರ್ನ್, ಬೇಗ, ಬೇಗ!"

ಸಭೆ ತಾಳ ಹಾಕಿ ಚಪ್ಪಾಳೆ ತಟ್ಟತೊಡಗಿತು. ಪಾಪ್-ಕಾರ್ನ್, ಪಾಪ್-ಕಾರ್ನ್. ವರ್ಜಿಲ್‌ಗೆ ಇಲ್ಲ ಎಂದು ಹೇಳಿ ಎದ್ದು ಹೋಗಬೇಕಿತ್ತು. ಅದೊಂದೇ ಮಾತು ಸಾಕಿತ್ತು. ಬಾಯಿ ತೆರೆದ.

"ಇ-ಇ-ಇ-ಇ..."

ಗಂಟಲು ಕಟ್ಟಿತು. ಕಣ್ಣು ಮುಚ್ಚಿತು. ಸಭೆ ಹುಚ್ಚೆದ್ದಿತು. ಜನ ಎದ್ದು ನಿಂತು ಕೇಕೆ ಹಾಕಿದರು. ಅವನು ಮತ್ತೆ ಆ ಮಾತಿಗೆ ಕೈಹಾಕಿದ, ಮತ್ತೆ ತಡೆಯಿತು, ಕೇಕೆ ಇಮ್ಮಡಿಯಾಯಿತು. ಗ್ರೇಂಜರ್ ಕಣ್ಣೊರೆಸಿಕೊಳ್ಳುತ್ತಾ, "ಮರೆತಿಲ್ಲ! ಏನೂ ಮರೆತಿಲ್ಲ ಇವ್ರು!" ಎಂದು ಅವನ ಬೆನ್ನು ಚಪ್ಪರಿಸಿದ. ವಾದ್ಯದವರು ಬಾರಿಸತೊಡಗಿದರು. ಇಲ್ಲ ಎನ್ನುವ ಮಾತು ಗಂಟಲಲ್ಲೇ ಉಳಿಯಿತು. ಆ ಸಂಜೆ ಅದನ್ನು ನೋಡಿದ ಲಕ್ಷಾಂತರ ಜನರಲ್ಲಿ ಅದು ನಿರಾಕರಣೆ ಎಂದು ತಿಳಿದದ್ದು ಮೂರನೆಯ ಸಾಲಿನಲ್ಲಿ ಚಪ್ಪಾಳೆ ತಟ್ಟದೆ ಕೂತಿದ್ದ ಇಬ್ಬರಿಗೆ ಮಾತ್ರ.

ಮನೆಗೆ ಬರುವಷ್ಟರಲ್ಲಿ ಫೋನು ಬಡಿದುಕೊಳ್ಳುತ್ತಿತ್ತು.

"ಚಿನ್ನಾ!" ಒವೆಲ್ಲಾ ಅಳುತ್ತಿದ್ದಳು, ಸಂತೋಷಕ್ಕೆ. "ಇನ್ನೂ ಇದೆ ಕಣೋ ನಿನ್ನಲ್ಲಿ! ಎಲ್ಲಾ ಹೋಯ್ತು ಅಂದ್ಕೊಂಡಿದ್ದೆ, ಹಾಗೇ ಇದೆ! ಇಲ್ಲಿ ಎಲ್ರೂ ನನ್ನ ಕೈ ಕುಲುಕಿದ್ರು!"

"ಅ-ಅಮ್ಮ, ಅ-ಅದು... ಅ-ಅ..."

"ಅದು ನನ್ನ ಮಗ!" ಎಂದಳು ಒವೆಲ್ಲಾ.

ಅವನು ಫೋನು ಇಟ್ಟುಬಿಟ್ಟ.

ಎಂಟು ತಿಂಗಳು ಅವನ ಇಂಗ್ಲಿಷ್ ಕೈಕೊಟ್ಟಿತು. ಕೆಲಸದಲ್ಲಿ ಕೈಸನ್ನೆ, ಮನೆಯಲ್ಲಿ ಸ್ಪ್ಯಾನಿಷ್. ಆಲೂಗಡ್ಡೆ ಚಿಪ್ಸಿನ ಜಾಹೀರಾತಿಗೆ ಉಗ್ಗುವ ಮುದುಕ ಪಾಪ್‌ಕಾರ್ನ್ ಬೇಕೆಂದು ಯಾರೋ ಬಂದರು. ಚೆಲೋ ಬಾಗಿಲಲ್ಲೇ ನಿಂತು ಅವರಿಗೆ ಸ್ಪ್ಯಾನಿಷಿನಲ್ಲಿ ಉತ್ತರ ಕೊಟ್ಟಳು, ಅವರು ಗೇಟು ದಾಟುವವರೆಗೂ ಕೊಟ್ಟಳು. ವರ್ಜಿಲ್ ಗ್ಯಾರೇಜಿನಲ್ಲಿ ಮಿಸ್ ಬ್ರಾಕ್ ಅವರ ಪುಸ್ತಕ ತೆರೆದಿಟ್ಟುಕೊಂಡು, ನಲವತ್ಮೂರನೆಯ ವಯಸ್ಸಿನಲ್ಲಿ, ಮೂರನೆಯ ಸಲ ಮೊದಲಿನಿಂದ ಶುರುಮಾಡಿದ. ಮಾತು ಬಹುಪಾಲು ಮರಳಿ ಬಂತು. ಫೋನಿನಲ್ಲಿ ಮಾತ್ರ ಮತ್ತೆಂದೂ ಸಲೀಸಾಗಲಿಲ್ಲ. ಅಮ್ಮನ ಬಳಿಗೆ ತಿಂಗಳಿಗೊಮ್ಮೆ ಹೋಗುತ್ತಿದ್ದ. ಅವಳ ಕಿಟಕಿಯ ಚೌಕಟ್ಟು, ಕುರ್ಚಿಯ ಕಾಲು, ಏನಾದರೊಂದು ಸರಿಮಾಡಿ ಬರುತ್ತಿದ್ದ. ಮಾತು ಚೆನ್ನಾಗಿ ಬರುವ ದಿನಗಳಲ್ಲಿ ಅವಳು ಟಿವಿಯ ದನಿ ಏರಿಸುತ್ತಿದ್ದಳು.

೧೯೭೯ರ ಫೆಬ್ರವರಿಯಲ್ಲಿ ಒವೆಲ್ಲಾ ಸತ್ತಳು. ಪತ್ರಿಕೆಯಲ್ಲಿ ಮೂರು ಸಾಲು ಬಂತು, ಪಾಪ್‌ಕಾರ್ನ್‌ನ ತಾಯಿ ಎಂದು. ಶವಸಂಸ್ಕಾರಕ್ಕೆ ಇಪ್ಪತ್ತೈದು ಜನ ಸೇರಿದ್ದರು. ವರ್ಜಿಲ್ ಬಾಗಿಲಲ್ಲಿ ನಿಂತು ಬಂದವರನ್ನೆಲ್ಲ ಹೆಸರು ಹಿಡಿದು ಮಾತಾಡಿಸಿದ. ಪ್ರಾರ್ಥನೆ ಮುಗಿದ ಮೇಲೆ ಪಾದ್ರಿ ಅವನ ಕಡೆ ಬಾಗಿದ.

"ಮಗ ಎರಡು ಮಾತು ಹೇಳ್ತೀರಾ?"

ವರ್ಜಿಲ್ ಬೇಡವೆಂದು ತಲೆಯಾಡಿಸಿದ. ಕೂತಲ್ಲಿಂದ ಏಳಲಿಲ್ಲ. ಪಾಪ, ಉಗ್ಗು ಅಲ್ಲವೇ ಎಂದು ಜನ ಅರ್ಥಮಾಡಿಕೊಂಡರು. ಒಬ್ಬ ಮುದುಕಿ ಅವನ ಭುಜ ನೇವರಿಸಿದಳು.

ವಾಪಸು ಬರುವಾಗ ಇನೆಸ್ ಕಾರು ಓಡಿಸುತ್ತಿದ್ದಳು. ಸ್ವಲ್ಪ ದೂರ ಬಂದ ಮೇಲೆ ಕೇಳಿದಳು.

"ಅಪ್ಪಾ, ಬೆಳಿಗ್ಗೆಯಿಂದ ಒಂದ್ಸಲಾನೂ ತಡೀಲಿಲ್ಲ ನಿಂಗೆ. ಯಾಕೆ ಮಾತಾಡ್ಲಿಲ್ಲ?"

"ಮಾತಾಡಬಹುದಿತ್ತು," ಎಂದ ವರ್ಜಿಲ್. ಮಾತು ಸರಾಗವಾಗಿ ಬಂತು. "ಸತ್ತವರ ಬಗ್ಗೆ ಒಳ್ಳೇದು ಹೇಳ್ಬೇಕಲ್ಲ. ಅವಳು ಪ್ರೀತಿಯಿಂದ ಇದ್ದ ದಿನ ಯಾವ್ದಾದ್ರೂ ಇದ್ಯಾ ಅಂತ ಹುಡುಕ್ತಾ ಕೂತಿದ್ದೆ. ಸಿಕ್ತು. ಬೇಕಾದಷ್ಟು ಸಿಕ್ತು. ಎಲ್ಲಾ ನಾನು ಉಗ್ಗಿದ ದಿನಗಳೇ."

ಮುಂದೆ ರಸ್ತೆ ರಿ‍ಪೇರಿಯಾಗುತ್ತಿತ್ತು, ಕಾರುಗಳು ಸಾಲಾಗಿ ನಿಂತಿದ್ದವು. ಇನೆಸ್ ಬ್ರೇಕು ಒತ್ತಿ, ಸಾಲಿನ ಕೊನೆಗೆ ಹೋಗಿ ನಿಂತಳು.